ವಿನ್ಯಾಸ ಶಿಕ್ಷಕರಿಗೆ ಅಕ್ಷರದ ಅನುಭವವಿರಲಿ

ವಿನ್ಯಾಸ ಶಿಕ್ಷಕರ ನೇಮಕದಲ್ಲಿ ಪದವಿಯಷ್ಟೇ ಅವರ ಸ್ವಂತ ಆಸಕ್ತಿಗೂ ವೃತ್ತಿಯ ಅನುಭವಕ್ಕೂ ಬೆಲೆ ಸಿಗಬೇಕು. ವಿಂಡೋಸ್‌ನ ‘ತುಂಗಾ’ ಕನ್ನಡ ಅಕ್ಷರಶೈಲಿಯ ಹಿಂದಿದ್ದ ಆರ್‌.ಕೆ. ಜೋಶಿ ಮರಾಠಿ ಕವಿ, ಅಕ್ಷರಗಳನ್ನು ಕಲಾತ್ಮಕವಾಗಿ ಬರೆಯುವ ಕ್ಯಾಲಿಗ್ರಫಿ ಕಲಾವಿದ. ಜಾಹೀರಾತು ಸಂಸ್ಥೆಗಳಲ್ಲಿ ದುಡಿದ ಬಳಿಕವೇ ಬಾಂಬೆ ಐಐಟಿಯ ವಿನ್ಯಾಸ ಕೇಂದ್ರದಲ್ಲಿ ಅಧ್ಯಾಪಕರಾದರು. ಅಂಥ ಕೈಪಳಗಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ನಮ್ಮ ಫಲಕ, ಆಹ್ವಾನಪತ್ರಿಕೆಗಳಲ್ಲೇ ಕಾಣುತ್ತದೆ. ಇಂಗ್ಲಿಷ್‌ಗೆ ಹೊಂದಿಸಿದ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಡುತ್ತಾರೆ. 12 ಪಾಯಿಂಟ್ (ಅಕ್ಷರದ ಅಳತೆಯ ಮಾನ) ಅಕ್ಷರಕ್ಕೆ ಒಂದು ಸಾಲಿನ ಬುಡದಿಂದ ಮುಂದಿನ ಸಾಲಿನ ಬುಡಕ್ಕೆ 14 ಪಾಯಿಂಟ್ ಅಂತರವಿಟ್ಟರೆ ‘ರಾಷ್ಟ್ರ’ದ ಒತ್ತಕ್ಷರಗಳು ಕೆಳಸಾಲಿನ ತಲೆಕಟ್ಟು, ಗುಡಿಸುಗಳಿಗೆ ತಾಗುತ್ತವೆ, 18ರ ಆಸುಪಾಸು ಬೇಕು. ಅಗಲ ಮೊನೆಯ ಲೇಖನಿಯಲ್ಲಿ ಒತ್ತಕ್ಷರ ಬರೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ರಾಜ್ಯದ ವಿನ್ಯಾಸ ಕಾಲೇಜುಗಳು ಮೊದಲ ಸೆಮಿಸ್ಟರಿನಲ್ಲೇ ಕನ್ನಡ ಅಕ್ಷರ ಬರವಣಿಗೆಯನ್ನು ಕಡ್ಡಾಯಗೊಳಿಸಿ, ಫಲಕ ಬರೆಯುವ ಅನುಭವಿ ಕಲಾವಿದರನ್ನು ಅತಿಥಿ ಬೋಧಕರಾಗಿ ಕರೆಯಲಿ.