ಹವಾಲ್ದಾರರ ದರ್ಜೆಯನ್ನು ಸರಿಯಾಗಿ ಬರೆಯಿರಿ

ಮಾನ್ಯ ಸಂಪಾದಕರೇ,

ಸೇನೆಯ ಹವಾಲ್ದಾರರೊಬ್ಬರು ಹುತಾತ್ಮರಾದಾಗ ಅಥವಾ ನಿವೃತ್ತರಾಗಿ ಊರಿಗೆ ಮರಳಿದಾಗ ಪತ್ರಿಕೆಗಳು ಒಮ್ಮೆ ‘ಸೇನಾಧಿಕಾರಿ’ ಎನ್ನುತ್ತವೆ, ಇನ್ನೊಮ್ಮೆ ‘ಸುಬೇದಾರ್’ ಎಂದು ಬರೆದುಬಿಡುತ್ತವೆ. ಎರಡೂ ತಪ್ಪು. ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್ ದಾಟಿದ ಮೇಲೆ ತೋಳಿಗೆ ಮೂರು ಪಟ್ಟಿ ಬರುವ ದರ್ಜೆ ಹವಾಲ್ದಾರ್. ಅದರ ಮೇಲಿನ ನಾಯಬ್ ಸುಬೇದಾರರಿಂದ ಜೆಸಿಓಗಳ (ಜೂನಿಯರ್ ಕಮಿಷನ್ಡ್ ಆಫೀಸರ್‌ಗಳ) ಸಾಲು ಶುರುವಾಗುತ್ತದೆ. ಟ್ಯಾಂಕ್ ದಳಗಳಲ್ಲಿ ಇದೇ ದರ್ಜೆಯವರು ದಫೇದಾರರು. ನಮ್ಮ ಜಿಲ್ಲಾಧಿಕಾರಿ ಕಚೇರಿಯ ದಫೇದಾರರ ಕೆಲಸವೇ ಬೇರೆ.

ದರ್ಜೆ ಹಳೆಯದು. ಶಿವಾಜಿಯ ಕಾಲಾಳು ಪಡೆಯಲ್ಲಿ ಐವರು ನಾಯಕ್‌ಗಳ ಮೇಲೆ ಒಬ್ಬ ಹವಾಲ್ದಾರ, ಕುದುರೆ ದಳದಲ್ಲಿ 25 ಸವಾರರಿಗೆ ಒಬ್ಬ. ಕೋಟೆಯ ಬೀಗದ ಕೈಗಳೂ ಹವಾಲ್ದಾರನ ವಶದಲ್ಲೇ ಇರುತ್ತಿದ್ದವು. ಈಸ್ಟ್ ಇಂಡಿಯಾ ಕಂಪನಿ ತನ್ನ ದೇಶೀ ಪಲ್ಟನ್‌ಗಳಲ್ಲಿ ಇದನ್ನು ಸಾರ್ಜೆಂಟ್‌ಗೆ ಸಮನಾಗಿ ಉಳಿಸಿಕೊಂಡಿತು. 1965ರಲ್ಲಿ ಜಮಾದಾರರು ನಾಯಬ್ ಸುಬೇದಾರರಾದರು, ಹವಾಲ್ದಾರ್ ಹೆಸರು ಮಾತ್ರ ಬದಲಾಗಲಿಲ್ಲ.

ಕಂಪನಿ ಹವಾಲ್ದಾರ್ ಮೇಜರ್ ಮತ್ತು ಕಂಪನಿ ಕ್ವಾರ್ಟರ್‌ಮಾಸ್ಟರ್ ಹವಾಲ್ದಾರ್ ಬೇರೆ ದರ್ಜೆಗಳಲ್ಲ, ಹವಾಲ್ದಾರರಿಗೇ ವಹಿಸುವ ಜವಾಬ್ದಾರಿಗಳು. ನೂರಿಪ್ಪತ್ತರಷ್ಟು ಜನರ ಕಂಪನಿ ದಿನವೂ ಸುಸೂತ್ರವಾಗಿ ನಡೆಯುವುದು ಇವರಿಬ್ಬರಿಂದ. ಹವಾಲ್ದಾರ್ ಮೇಜರ್ ಸಂಜೆ ರೋಲ್ ಕಾಲ್‌ನಲ್ಲಿ ಹಾಜರಿರುವವರು, ರಜೆಯಲ್ಲಿರುವವರು, ಆಸ್ಪತ್ರೆ, ಗಾರ್ಡ್, ಕೋರ್ಸ್‌ಗೆ ಹೋದವರು ಎಂದು ಲೆಕ್ಕ ಬಿಡಿಸಿ ಕೂಡಿಸುತ್ತಾರೆ. ಮೊತ್ತ ಕಂಪನಿಯ ಬಲಕ್ಕೆ ತಾಳೆಯಾಗಲೇಬೇಕು. ರಜೆಗೆ ಹೋದ ಇಬ್ಬರ ಹೆಸರು ತೆಗೆಯಲು ಮರೆತರೆ ರೇಷನ್ ನೋಡಿಕೊಳ್ಳುವ ಕ್ವಾರ್ಟರ್‌ಮಾಸ್ಟರ್ ಹವಾಲ್ದಾರ್ ಆ ಇಬ್ಬರಿಗೂ ಸೇರಿಸಿ ರೇಷನ್ ಎತ್ತುತ್ತಾರೆ, ತಪ್ಪು ಲೆಕ್ಕ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ದಾಳಿ ಮುಗಿದ ಕೂಡಲೇ ಕಂಪನಿಯ ಪ್ರತಿ ಸೆಕ್ಷನ್‌ನಲ್ಲಿ (ಸಣ್ಣ ತುಕಡಿಯಲ್ಲಿ) ಎಷ್ಟು ಗುಂಡು ಉಳಿದಿದೆ ಎಂದು ಕೇಳಿ, ಗಾಯಾಳುಗಳ ಪೌಚ್‌ಗಳಿಂದ ತೆಗೆದು ಹಂಚುವುದೂ ಹವಾಲ್ದಾರರ ಕೆಲಸವೇ. ಇದು ತಡವಾದರೆ ಶತ್ರುವಿನ ಪ್ರತಿದಾಳಿಯನ್ನು ಖಾಲಿ ಮ್ಯಾಗಜೀನ್ ಹಿಡಿದು ಎದುರಿಸಬೇಕಾಗುತ್ತದೆ.

1948ರ ಜುಲೈ 18ರಂದು ಕಾಶ್ಮೀರದ ತಿಥ್ವಾಲ್‌ನಲ್ಲಿ ಮಡಿದ ಪೀರು ಸಿಂಗ್ ಕಂಪನಿ ಹವಾಲ್ದಾರ್ ಮೇಜರ್. 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಖೇಮಕರಣ ವಲಯದಲ್ಲಿ ಜೀಪಿನ ಮೇಲೆ ಕೂರಿಸಿದ ರಿಕಾಯ್ಲ್‌ಲೆಸ್ ಗನ್‌ನಿಂದ (ಟ್ಯಾಂಕ್ ನಿರೋಧಕ ತೋಪಿನಿಂದ) ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್‌ಗಳನ್ನು ಒಡೆದ ಅಬ್ದುಲ್ ಹಮೀದ್ ಕ್ವಾರ್ಟರ್‌ಮಾಸ್ಟರ್ ಹವಾಲ್ದಾರ್. ಇಬ್ಬರಿಗೂ ಮರಣೋತ್ತರ ಪರಮವೀರ ಚಕ್ರ. ಇಂಥವರ ದರ್ಜೆಯನ್ನು ಸರಿಯಾಗಿ ಬರೆಯುವುದು ನಾವು ಸಲ್ಲಿಸಬಹುದಾದ ಕನಿಷ್ಠ ಗೌರವ.

ಗೊಂದಲಕ್ಕೆ ಕಾರಣಗಳಿವೆ. 8, 16, 24 ವರ್ಷಗಳ ಸೇವೆಗೆ ಬಡ್ತಿ ಸಿಗದಿದ್ದರೂ ಮೇಲಿನ ದರ್ಜೆಯ ವೇತನ ಸಿಗುತ್ತದೆ. ಸಂಬಳ ನಾಯಬ್ ಸುಬೇದಾರರದ್ದಾದರೂ ವ್ಯಕ್ತಿ ಹವಾಲ್ದಾರರೇ. ಇನ್ನು ಕೆಲವರಿಗೆ ನಿವೃತ್ತಿಯ ವೇಳೆ ಗೌರವ ನಾಯಬ್ ಸುಬೇದಾರ್ ಪದವಿ ಸಿಗುತ್ತದೆ; ಅಲ್ಲಿ ‘ಗೌರವ’ ಎಂಬುದನ್ನು ಕೈಬಿಡಬಾರದು. ಮನೆಯವರು ದುಃಖದಲ್ಲಿರುವಾಗ ಬಾಯಿಮಾತಿನಲ್ಲಿ ಹೇಳಿದ್ದನ್ನೇ ಅಚ್ಚು ಹಾಕುವ ಬದಲು ವರದಿಗಾರರು ಡಿಸ್ಚಾರ್ಜ್ ಬುಕ್ ಅಥವಾ ಪಿಂಚಣಿ ಆದೇಶ ನೋಡಲಿ. ಸೇವೆಯಲ್ಲಿದ್ದವರ ವಿಚಾರವಾದರೆ ಅವರ ಘಟಕವನ್ನೋ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯನ್ನೋ ಕೇಳಿದರೆ ದರ್ಜೆ, ರೆಜಿಮೆಂಟ್ ಎರಡೂ ಖಚಿತವಾಗುತ್ತವೆ.

– ನಿವೃತ್ತ ಹವಾಲ್ದಾರರು, ಬೆಳಗಾವಿ