ಡಿವಿಡಿ ರೆಕಾರ್ಡರ್ ಉಳಿಸಿಕೊಟ್ಟ ಯಜಮಾನರಿಗೆ

ಮೈಸೂರಿನ ಶಿವರಾಂಪೇಟೆಯಲ್ಲಿ ಡಿವಿಡಿ ರೆಕಾರ್ಡರ್ ಬಿಚ್ಚಿ, ಒಂದೊಂದನ್ನೂ ತೋರಿಸಿಕೊಟ್ಟು, ಹೆಸರನ್ನೂ ಹೇಳದೆ ಹೋದ ಯಜಮಾನರೇ, ಹಳೆಯ ರೆಕಾರ್ಡರ್ ಇನ್ನೂ ಬಳಸುವ ನಮ್ಮೆಲ್ಲರ ಕೃತಜ್ಞತೆ ನಿಮಗೆ.

ಆನ್ ಮಾಡಿದಾಗ ಡಿಸ್‌ಪ್ಲೇ ಮಿನುಗಿ ಅಲ್ಲೇ ನಿಂತರೆ ಡ್ರೈವ್ ಹೋಯಿತೆಂದು ಆತುರಪಡಬಾರದು. ಪವರ್ ಬೋರ್ಡಿನಲ್ಲಿ ಕರೆಂಟು ಹಿಡಿದಿಡುವ ಡಬ್ಬಿಗಳಂಥ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ ಮೊದಲು ನೋಡಬೇಕು. ಬದಲಿಗೆ ಹಾಕುವುದು ಅಷ್ಟೇ ಮೈಕ್ರೋಫ್ಯಾರಡ್‌ನದು, ಅಷ್ಟೇ ಅಥವಾ ಹೆಚ್ಚಿನ ವೋಲ್ಟಿನದು, 105 ಡಿಗ್ರಿ ತಾಳುವಂಥದ್ದು. ಅದರ ಮೇಲಿನ ಮೈನಸ್ ಗುರುತಿನ ಪಟ್ಟಿ ತಿರುಗಾಮುರುಗಾ ಆದರೆ ಸಿಡಿಯಬಹುದು. 230 ವೋಲ್ಟ್ ಕರೆಂಟು ಡಿಸಿ ಆದಾಗ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಮೀಟರ್ ಹಿಡಿದು ನೋಡದೆ ಕೈ ಹಾಕಬೇಡಿ ಎಂದಿರಲ್ಲ, ಆ ಒಂದು ಮಾತಿಗೇ ಕೈಮುಗಿಯುತ್ತೇವೆ.

ಫೈನಲೈಸ್, ಅಂದರೆ ಬೇರೆ ಪ್ಲೇಯರುಗಳೂ ಓದುವಂತೆ ರೆಕಾರ್ಡಿಂಗನ್ನು ಕೊನೆಗೊಳಿಸುವ ಕೆಲಸ, ಮಾಡದ ಡಿವಿಡಿ-ಆರ್ ಡಿಸ್ಕ್ ಬೇರೆ ಪ್ಲೇಯರಿನಲ್ಲಿ ಓಡದಿರಲು ಅದು ಕೆಟ್ಟಿರಬೇಕೆಂದೇನೂ ಇಲ್ಲ. ರೆಕಾರ್ಡರ್ ಕೈಕೊಡುವ ಮುನ್ನ ಅದರಲ್ಲೇ ಫೈನಲೈಸ್ ಮುಗಿಸಬೇಕು. ನಡುವೆ ಕರೆಂಟು ಹೋದರೆ ಡಿಸ್ಕ್ ಹಾಳಾಗಬಹುದು, ಹಾಗಾಗಿ ಯುಪಿಎಸ್ ಇದ್ದರೆ ಒಳ್ಳೆಯದು.

ಮದುವೆಯದೋ ದಸರಾ ಮೆರವಣಿಗೆಯದೋ ವಿಎಚ್‌ಎಸ್ ಟೇಪನ್ನು ಮೊದಲು ಪೂರ್ತಿ ಮುಂದಕ್ಕೆ, ಮತ್ತೆ ಹಿಂದಕ್ಕೆ ಸುತ್ತಿಸಿ, ರೆಕಾರ್ಡರಿನ ಎಸ್‌ಪಿ (ಸ್ಟ್ಯಾಂಡರ್ಡ್ ಪ್ಲೇ) ಮೋಡ್‌ನಲ್ಲಿ ಡಿಸ್ಕಿಗೆ ಇಳಿಸಿಕೊಳ್ಳಬೇಕು. 4.7 ಜಿಬಿ ಡಿಸ್ಕಿಗೆ 2 ಗಂಟೆ. ಎಲ್‌ಪಿ (ಲಾಂಗ್ ಪ್ಲೇ) ಮೋಡ್‌ನಲ್ಲಿ 4 ಗಂಟೆ ಹಿಡಿಯುತ್ತದೆ ನಿಜ, ಆದರೆ ಓಡಾಟದ ದೃಶ್ಯಗಳು ಚೌಕ ಚೌಕವಾಗಿ ಒಡೆಯುತ್ತವೆ. ಬೂಷ್ಟು ಹಿಡಿದ ಟೇಪನ್ನಂತೂ ಹಾಕಲೇಬಾರದು. ಟೇಪ್ ಓದುವ ಹೆಡ್ಡಿಗೆ ಅಂಟಿ ಮುಂದಿನ ಟೇಪಿಗೂ ಹರಡುತ್ತದೆ.