ಆಡು ಕೊಂಡರೆ ಸಾಲದು, ಮಳೆಗೆ ಮೊದಲೇ ಲಸಿಕೆ ಹಾಕಿಸಿ

ಮಾನ್ಯ ಸಂಪಾದಕರೆ,

2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ದಿನಸಿಯಲ್ಲೇ ಕರಗಿಹೋಗುತ್ತದೆ ಎನ್ನುವ ಮಾತು ಪೂರ್ತಿ ನಿಜವಲ್ಲ. ಹತ್ತು ಕಂತು ಸ್ವಸಹಾಯ ಸಂಘದಲ್ಲಿ ಕೂಡಿಟ್ಟರೆ 20,000 ರೂಪಾಯಿ. ಅದರಲ್ಲಿ ಹೊಲಿಗೆ ಯಂತ್ರ ಬರುತ್ತದೆ, ಖಡಕ್ ರೊಟ್ಟಿ ವ್ಯಾಪಾರ ಶುರುವಾಗುತ್ತದೆ, ಆಡೂ ಬರುತ್ತವೆ.

ಆಡಿನಲ್ಲಿ ಕೈಸುಡುವುದು ಸಂತೆಯಲ್ಲೇ. ಅಗ್ಗವೆಂದು ಮರಿ ತಂದರೆ ವರ್ಷವಿಡೀ ಮೇಯಿಸಿದರೂ ಆದಾಯವಿಲ್ಲ. ಬಾಯಿ ತೆರೆಸಿ ಎರಡು ಅಥವಾ ನಾಲ್ಕು ದೊಡ್ಡ ಹಲ್ಲು ಬಂದದ್ದನ್ನೇ, ಅಂದರೆ ಒಂದರಿಂದ ಎರಡು ವರ್ಷದ್ದನ್ನೇ ಆರಿಸಬೇಕು. ಕೆಚ್ಚಲು ಹಿಚುಕಿ ನೋಡಬೇಕು. ಗಂಟಿದ್ದರೆ ಹಾಲು ಸಾಲದೆ ಮರಿ ಸಾಯುತ್ತವೆ. ತಂದದ್ದನ್ನು ಮೂರು ವಾರ ಬೇರೆ ಕಟ್ಟಿ, ಜಂತಿನ ಔಷಧ ಕುಡಿಸಿ, ಆಮೇಲೆ ಹಿಂಡಿಗೆ ಬಿಡಬೇಕು.

ಮುಂಗಾರು ಬಿದ್ದ ಮೇಲೆ ಎಳೆ ಹುಲ್ಲನ್ನು ಹೊಟ್ಟೆಬಿರಿಯ ಮೇಯ್ದ ದಷ್ಟಪುಷ್ಟ ಆಡೇ ರಾತ್ರೋರಾತ್ರಿ ಸಾಯುತ್ತದೆ. ಮನೆಯವರು ಹಾವು ಕಚ್ಚಿತೆಂದುಕೊಳ್ಳುತ್ತಾರೆ. ಬಹಳ ಸಲ ಅದು ಕರುಳುಬೇನೆ, ಅಂದರೆ ಕರುಳಿನಲ್ಲಿ ರೋಗಾಣು ಬೆಳೆದು ವಿಷವಾಗುವ ರೋಗ. ಮೇ ತಿಂಗಳಲ್ಲೇ ಲಸಿಕೆ ಹಾಕಿಸಬೇಕು. ಮೊದಲ ಸಲ ಹಾಕಿಸುವವರು ಎರಡು-ಮೂರು ವಾರಕ್ಕೆ ಮತ್ತೊಮ್ಮೆ ಹಾಕಿಸಲೇಬೇಕು, ಇಲ್ಲದಿದ್ದರೆ ರಕ್ಷಣೆ ಗಟ್ಟಿಯಾಗುವುದಿಲ್ಲ. ಹಿರೇಬೇನೆ (ಪಿಪಿಆರ್ ಎಂಬ ವೈರಸ್ ರೋಗ) ತಡೆಯುವ ಲಸಿಕೆ ಬೇರೆ.

ಗೃಹಲಕ್ಷ್ಮಿ ಹಣ ನಂಬಿ ತಿಂಗಳ ಕಂತಿನ ಸಾಲ ಮಾಡುವುದು ಬೇಡ. ಜಮೆ ತಡವಾದರೆ ಬಡ್ಡಿ ಬೆಳೆಯುತ್ತದೆ, ಗಬ್ಬದ ಆಡನ್ನೇ ಮಾರುವ ಪಾಳಿ ಬರುತ್ತದೆ. ಸರ್ಕಾರ ಜಮೆಗೆ ಒಂದು ತಾರೀಖು ಗೊತ್ತುಮಾಡಲಿ. ಪಶುಪಾಲನಾ ಇಲಾಖೆ ಶಿರಹಟ್ಟಿ, ಮುಂಡರಗಿ, ಹಾವೇರಿಯ ಹಳ್ಳಿಗಳಿಗೆ ಲಸಿಕೆಯನ್ನು ಜೂನ್‌ಗೆ ಮೊದಲೇ ತಲುಪಿಸಲಿ.

– ಪಶುಸಖಿಯರು, ಗದಗ ಜಿಲ್ಲೆ